ಆರಾಮ ಕುರ್ಚಿಯ ಆಯುಸ್ಸು

ಆ ಕುರ್ಚಿಯನ್ನು ಮನೆಗೆ ತಂದದ್ದು ನನ್ನ ಕಾಲಿಗಾಗಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಮೇಲೆ ಅದು ಯಾರ ಕುರ್ಚಿ ಎಂಬುದೇ ಎಲ್ಲರಿಗೂ ಮರೆತುಹೋಯಿತು, ನನ್ನೊಬ್ಬಳನ್ನು ಬಿಟ್ಟು.

ನಾನು ಆಸ್ಪತ್ರೆಯ ಲಾಂಡ್ರಿಯಲ್ಲಿ ಇಸ್ತ್ರಿ ವಿಭಾಗದವಳು. ನಮ್ಮ ಪ್ರೆಸ್ ಮೆಷಿನ್ನು ಮಂಚದಷ್ಟು ಅಗಲ. ಚಾದರ, ದಿಂಬಿನ ಚೀಲ, ಆಪರೇಷನ್ನಿನ ಹಸಿರು ಗೌನು, ಒಂದಾದ ಮೇಲೊಂದು ಅದರ ಬಾಯಿಗೆ ಕೊಟ್ಟು, ಕಾಲಿನಿಂದ ಪೆಡಲ್ ಒತ್ತಿ, ಬಿಸಿಯಾಗಿ ಹೊರಗೆ ಬಂದದ್ದನ್ನು ಮಡಿಸಿಡಬೇಕು. ಬೆಳಿಗ್ಗೆ ಹೋದರೆ ಸಂಜೆಯವರೆಗೂ ನಿಂತೇ ಕೆಲಸ. ಕೂತು ಇಸ್ತ್ರಿ ಮಾಡುವ ವಿದ್ಯೆಯನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲ. ಮನೆಗೆ ಬಂದು ಚಪ್ಪಲಿ ಬಿಚ್ಚಿದರೆ ಅದರ ಪಟ್ಟಿ ಊದಿದ ಪಾದದ ಮೇಲೆ ಹಾಗೇ ಅಚ್ಚೊತ್ತಿರುತ್ತಿತ್ತು. ವಾರ್ಡಿನ ದೊಡ್ಡ ಸಿಸ್ಟರ್ ಒಂದು ದಿನ ಲಾಂಡ್ರಿಯಲ್ಲೇ ನನ್ನ ಕಾಲು ನೋಡಿ, "ದಿನಾ ಸಂಜೆ ಒಂದು ಗಂಟೆ ಕಾಲು ಎತ್ತರಕ್ಕೆ ಇಟ್ಕೊಂಡು ಮಲಕ್ಕೋಬೇಕಮ್ಮ ನೀನು. ಎತ್ತರ ಅಂದ್ರೆ ಎದೆ ಮಟ್ಟಕ್ಕೆ, ಸುಮ್ನೆ ಸ್ಟೂಲ್ ಮೇಲೆ ಅಲ್ಲ," ಎಂದರು.

ಹಾಸಿಗೆಯ ಮೇಲೆ ಮಲಗಿ ಕಾಲಡಿ ದಿಂಬು ಇಟ್ಟುಕೊಳ್ಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಇಟ್ಟುಕೊಂಡು ನೋಡಿದೆ. ದುಡಿದು ಬಂದವಳ ಬೆನ್ನು ಹಾಸಿಗೆಗೆ ತಾಗಿದರೆ ಅಲ್ಲಿಗೆ ಆ ದಿನ ಮುಗಿದ ಹಾಗೆ. ಒಲೆ ಹಚ್ಚುವವರು ಯಾರು? ಕೂತ ಹಾಗೂ ಇರಬೇಕು, ಒರಗಿದ ಹಾಗೂ ಇರಬೇಕು, ಕೈಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಲೂ ಇರಬೇಕು, ಅಂಥದ್ದು ಬೇಕಿತ್ತು ನನಗೆ. ಹಾಗಾಗಿ ಆ ವರ್ಷದ ಬೋನಸ್ಸಿಗೆ ಬೇರೆ ಏನನ್ನೂ ಕೊಳ್ಳದೆ ಕುರ್ಚಿ ಕೊಂಡೆ. ಕಂದು ಬಣ್ಣ, ದಪ್ಪ ಕೈಗಳು, ಬಲಕ್ಕೊಂದು ಹಿಡಿಕೆ. ಹಿಡಿಕೆ ಎಳೆದರೆ ಬೆನ್ನು ಹಿಂದಕ್ಕೆ ಹೋಗುತ್ತದೆ, ಕಾಲಿನ ಹಲಗೆ ಮೇಲಕ್ಕೆ ಬರುತ್ತದೆ. ಅಂಗಡಿಯವನು ಅದಕ್ಕೆ ರಿಕ್ಲೈನರ್ ಎಂದ. ನಮ್ಮ ಮನೆಯಲ್ಲಿ ಅದು ಆರಾಮ ಕುರ್ಚಿ.

ಈಗ ನಮ್ಮ ಯಜಮಾನರ ವಿಷಯಕ್ಕೆ ಬರುತ್ತೇನೆ. ಬೀದಿಯಲ್ಲಿ ಅವರನ್ನು ಎಲ್ಲರೂ ಕರೆಯುವುದು 'ಗ್ಯಾರಂಟಿ' ಎಂದು. ಬೀಗದ ಕಾರ್ಖಾನೆಯಲ್ಲಿ ಅವರದು ಪರೀಕ್ಷೆಯ ಕೆಲಸ. ಹೊಸ ಮಾದರಿಯ ಬೀಗ ಬಂದರೆ ಅದನ್ನು ಒಂದು ಚೌಕಟ್ಟಿಗೆ ಸಿಕ್ಕಿಸಿ, ಕೆಟ್ಟುಹೋಗುವವರೆಗೂ ತೆಗೆಯುವುದು, ಹಾಕುವುದು, ಮತ್ತೆ ತೆಗೆಯುವುದು. ಎಷ್ಟನೆಯ ಸಲಕ್ಕೆ ಕೆಟ್ಟಿತು ಎನ್ನುವುದೇ ಆ ಬೀಗದ ಆಯುಸ್ಸು. ಈಗ ಅದಕ್ಕೆ ಮೋಟಾರು ಬಂದಿದೆ, ಮೊದಲಿನ ಎಷ್ಟೋ ವರ್ಷ ಕೈಯಿಂದಲೇ ಸನ್ನೆಗೋಲು ಎಳೆಯುತ್ತಿದ್ದರು. ಹೀಗೆ ದಿನವೆಲ್ಲ ಎಣಿಸಿ ಎಣಿಸಿ ಅವರ ತಲೆಯಲ್ಲಿ ಒಂದು ವಿಷಯ ಕೂತುಬಿಟ್ಟಿದೆ. ಲೋಕದ ಪ್ರತಿ ವಸ್ತುವಿಗೂ ಇಂತಿಷ್ಟು ಸಲ ಎಂದು ಹುಟ್ಟುವಾಗಲೇ ಬರೆದಿರುತ್ತದೆ, ಒಂದೊಂದು ಸಲ ಮುಟ್ಟಿದಾಗಲೂ ಅದರಲ್ಲಿ ಒಂದೊಂದು ಕಳೆಯುತ್ತದೆ. ನಮ್ಮ ಮನೆಯ ಕಿಟಕಿ ತೆರೆಯಬೇಕಾದರೂ ಇವತ್ತು ಅದು ಅಗತ್ಯವೇ ಎಂದು ಯೋಚಿಸಬೇಕು. ಕೊಡೆಯನ್ನು ಪೂರ್ತಿ ಬಿಡಿಸುವ ಹಾಗಿಲ್ಲ. ಮಗಳು ಚಿಕ್ಕವಳಿದ್ದಾಗ ಸ್ಕೂಲ್ ಬ್ಯಾಗಿನ ಜಿಪ್ಪನ್ನು ಸುಮ್ಮನೆ ಎಳೆದಾಡಿದರೆ ಇವರ ಮುಖ ಹಲ್ಲುನೋವು ಬಂದವರ ಹಾಗೆ ಆಗುತ್ತಿತ್ತು.

ಕುರ್ಚಿ ಬಂದ ದಿನ ಮೊದಲು ಅದನ್ನು ಪರೀಕ್ಷೆ ಮಾಡಿದರು. ಸೀಟಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದು, ಬಿಟ್ಟು, ಬಗ್ಗಿ ನೋಡಿದರು. ಗುಳಿ ಬಿದ್ದದ್ದು ಕಣ್ಣು ಮಿಟುಕಿಸುವುದರೊಳಗೆ ಎದ್ದು ಸಮವಾಯಿತು.

"ಒಳ್ಳೇ ಫೋಮು. ಒತ್ತಿದ್ರೆ ಎದ್ದು ಬರಬೇಕು, ಎದ್ದು ಬರದೇ ಇದ್ರೆ ಸವೆದಿದೆ ಅಂತ ಅರ್ಥ," ಎಂದು ನನಗೆ ಪಾಠ ಹೇಳಿದರು. ಅಂಗಡಿಯ ಪ್ಲಾಸ್ಟಿಕ್ಕನ್ನು ತೆಗೆಯಬಾರದು ಎಂದೂ ಅಂದರು.

ನಾನು ಕೂತು ಹಿಡಿಕೆ ಎಳೆದೆ. ಕಾಲು ಮೇಲೆ ಬಂತು. ಬೆನ್ನಿನ ಮೂಳೆಗಳು ಒಂದೊಂದಾಗಿ ತಮ್ಮ ಜಾಗಕ್ಕೆ ಹೋಗಿ ಕೂತವು. ಅಷ್ಟರಲ್ಲಿ ಪಕ್ಕದಿಂದ ಸಣ್ಣ ದನಿ ಕೇಳಿತು.

"ಒಂದು."

ಮಾರನೆಯ ದಿನ ಎರಡು. ಅದರ ಮಾರನೆಯ ದಿನ ಮೂರು. ಬೈಯಲಿಲ್ಲ, ಬೇಡ ಎನ್ನಲಿಲ್ಲ. ಪೇಪರಿನಿಂದ ಕಣ್ಣು ತೆಗೆಯದೆ ಎಣಿಸುತ್ತಿದ್ದರು, ಅಷ್ಟೆ. ಬೈದಿದ್ದರೆ ನಾನೂ ನಾಲ್ಕು ಮಾತು ಆಡಿ ಆರಾಮವಾಗಿ ಒರಗುತ್ತಿದ್ದೆ. ಜಗಳಕ್ಕೆ ನಾನು ಹೆದರುವವಳಲ್ಲ, ಲಾಂಡ್ರಿಯಲ್ಲಿ ಯಾರನ್ನು ಬೇಕಾದರೂ ಕೇಳಿ. ಆದರೆ ಎಣಿಸುವವರ ಜೊತೆ ಹೇಗೆ ಜಗಳ ಆಡುವುದು? "ಎಣಿಸಬೇಡಿ" ಎಂದರೆ, "ಎಣಿಸಿದ್ರೆ ನಿನಗೇನು ತೊಂದ್ರೆ, ನೀನು ಮಲಕ್ಕೋ," ಎನ್ನುತ್ತಿದ್ದರು. ಬೇರೆಯವರ ಬಾಯಿಂದ ತುತ್ತು ಎಣಿಸಿಕೊಂಡು ಊಟ ಮಾಡಿದ ಹಾಗಿರುತ್ತಿತ್ತು. ಹದಿನೇಳಕ್ಕೆ ನನಗೆ ಮೈಯೆಲ್ಲ ಉರಿದುಹೋಯಿತು. ಎದ್ದು ಹೋಗಿ ಅಡುಗೆಮನೆಯ ಮುಕ್ಕಾಲಿಯನ್ನು ಎಳೆದು ತಂದು ಅದರ ಮೇಲೆ ಕಾಲಿಟ್ಟುಕೊಂಡೆ. "ಇದಕ್ಕೆ ಎಷ್ಟು ಆಯುಸ್ಸಿದೆಯೋ ಅದನ್ನೂ ಎಣಿಸ್ಕೊಳ್ಳಿ," ಎಂದೆ.

"ಮರದ್ದು. ಅದಕ್ಕೆ ಅಂಥ ಕಾಟ ಇಲ್ಲ," ಎಂದರು.

ಅಲ್ಲಿಂದ ಕುರ್ಚಿ ನಡುಮನೆಯಲ್ಲಿ ಪ್ಲಾಸ್ಟಿಕ್ ಹೊದ್ದುಕೊಂಡು ನೆಟ್ಟಗೆ ಕೂತಿತು. ನನಗೂ ಹಠ, ಅವರಿಗೂ ಸಮಾಧಾನ. ನನ್ನ ನಾದಿನಿ ಬಂದಾಗ ಮಾತ್ರ ಧೊಪ್ಪೆಂದು ಅದರಲ್ಲಿ ಬೀಳುತ್ತಿದ್ದಳು. ಅವಳಿಗೂ ಹಿಡಿಕೆ ಮುಟ್ಟಲು ಅಪ್ಪಣೆಯಿಲ್ಲ. "ಅಣ್ಣ, ನಿನ್ನ ಕುರ್ಚಿಗೂ ಬಸ್ಸಿನ ಸೀಟಿಗೂ ಏನು ವ್ಯತ್ಯಾಸ ಹೇಳು," ಎಂದು ರೇಗಿಸುತ್ತಿದ್ದಳು. ಇವರು ವಾರಕ್ಕೊಮ್ಮೆ ಪ್ಲಾಸ್ಟಿಕ್ಕಿನ ಅಂಚಿನಿಂದ ಕೈ ತೂರಿಸಿ ಫೋಮಿಗೆ ಹೆಬ್ಬೆರಳು ಒತ್ತಿ, ಎದ್ದು ಬಂದದ್ದನ್ನು ನೋಡಿ ಸಂತೋಷಪಡುತ್ತಿದ್ದರು. ಹೀಗೇ ಹತ್ತು ವರ್ಷ ಕಳೆಯಿತು.

ಮೊದಲು ಸವೆದದ್ದು ಅವರ ಭುಜ. ಬಲಗೈ ಎತ್ತಲು ಆಗದೆ, ಅಂಗಿ ತೊಡಲು ನನ್ನನ್ನು ಕರೆಯುವಂತಾದ ಮೇಲೆ ಡಾಕ್ಟರ ಬಳಿ ಹೋದೆವು. ಡಾಕ್ಟರ್ ಚಿತ್ರ ತೋರಿಸಿ, ಒಂದೇ ಕೆಲಸ ಮಾಡಿ ಮಾಡಿ ಒಳಗಿನ ನರದಂಥ ಪಟ್ಟಿ ಸವೆದು ಹರಿದಿದೆ, ಹೊಲಿಯಬೇಕು ಎಂದರು.

"ಎಷ್ಟು ಸಲಕ್ಕೆ ಹರಿಯುತ್ತೆ ಡಾಕ್ಟ್ರೇ ಇದು?" ಎಂದು ಇವರು ಕೇಳಿದರು. ನಾನು ಗೋಡೆಯ ಕಡೆ ನೋಡಿದೆ.

ಡಾಕ್ಟರ್ ಆ ಪ್ರಶ್ನೆಯನ್ನು ಅಲ್ಲೇ ಬಿಟ್ಟು ಮುಂದಕ್ಕೆ ಹೋದರು. ಆಪರೇಷನ್ ಆದ ಮೇಲೆ ಆರು ವಾರ ಚಪ್ಪಟೆಯಾಗಿ ಮಲಗುವ ಹಾಗಿಲ್ಲ, ಅರ್ಧ ಒರಗಿಯೇ ನಿದ್ದೆ ಮಾಡಬೇಕು ಎಂದರು. "ಮನೇಲಿ ರಿಕ್ಲೈನರ್ ಏನಾದ್ರೂ ಇದೆಯಾ?"

ನಮ್ಮವರ ಮುಖ ಅರಳಿತು. "ಇದೆ ಡಾಕ್ಟ್ರೇ. ಹೊಸದು."

"ಹತ್ತು ವರ್ಷದ ಹೊಸದು," ಎಂದೆ ನಾನು.

ಆಪರೇಷನ್ ಮುಗಿಸಿಕೊಂಡು ಆಸ್ಪತ್ರೆಯಿಂದ ಬರುವ ದಾರಿಯುದ್ದಕ್ಕೂ ಅವರದು ಅದೇ ಮಾತು. ನೋಡಿದೆಯಾ, ಅವತ್ತೇ ಎಲ್ಲರೂ ಎಳೆದಾಡಿ ಹಾಳು ಮಾಡಿದ್ದಿದ್ದರೆ ಇವತ್ತು ಏನಾಗುತ್ತಿತ್ತು, ಜೋಪಾನ ಮಾಡಿದ್ದಕ್ಕೆ ಹೊತ್ತಿಗೆ ಒದಗಿತು ಎಂದು. ಕೈ ಕೊರಳಿಗೆ ಕಟ್ಟಿಕೊಂಡು ಒಳಗೆ ಬಂದು, ಪ್ಲಾಸ್ಟಿಕ್ ತೆಗೆ ಎಂದು ನನಗೆ ಅಪ್ಪಣೆ ಕೊಟ್ಟರು. ತೆಗೆದೆ. ಕಂದು ಬಣ್ಣದ ಮೇಲ್ಪದರವೂ ಪ್ಲಾಸ್ಟಿಕ್ಕಿಗೆ ಅಂಟಿಕೊಂಡು ಅದರ ಜೊತೆಗೇ ಎದ್ದು ಬಂತು. ಅಲ್ಲಲ್ಲಿ ಬಿಳಿ ಬಟ್ಟೆ ಕಾಣಿಸಿತು. ನಾನು ಹಿಡಿಕೆ ಎಳೆದೆ. ಅದು ಅಲುಗಲಿಲ್ಲ. ಎರಡೂ ಕೈ ಹಾಕಿ, ಕಾಲನ್ನು ಗೋಡೆಗೆ ಕೊಟ್ಟು ಎಳೆದೆ. ಕಾಲಿನ ಹಲಗೆ ನಾಲ್ಕು ಬೆರಳಿನಷ್ಟು ಮುಂದೆ ಬಂದು ಕಿರ್ ಎಂದು ಅಲ್ಲೇ ನಿಂತಿತು. ಆಮೇಲೆ ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ.

ಆ ರಾತ್ರಿಯನ್ನು ಅವರು ಮಂಚದ ಮೇಲೆ ದಿಂಬುಗಳ ರಾಶಿಗೆ ಒರಗಿ, ಜಾರಿ, ನರಳಿ ಕಳೆದರು. ಬೆಳಿಗ್ಗೆ ಮಗಳು ಬಂದಳು. ಅವಳಿಗೆ ಮದುವೆಯಾಗಿ ಹಿಂದಿನ ಬೀದಿಯಲ್ಲೇ ಮನೆ. ಇಬ್ಬರೂ ಸೇರಿ ಕುರ್ಚಿಯನ್ನು ಬೋರಲು ಹಾಕಿದೆವು. ಒಳಗಿನ ಕಬ್ಬಿಣದ ಸಂದುಗಳಲ್ಲಿ ಹಾಕಿದ್ದ ಗ್ರೀಸು ಒಣಗಿ ಅರಗಿನ ಹಾಗೆ ಗಟ್ಟಿಯಾಗಿತ್ತು. ನೆಲ ಒರೆಸಿದ ತೇವಕ್ಕೆ ಕೆಳಗಿನ ಕೀಲುಗಳು ತುಕ್ಕು ಹಿಡಿದು ಒಂದಕ್ಕೊಂದು ಅಂಟಿಕೊಂಡಿದ್ದವು.

"ಮುಟ್ಟೇ ಇಲ್ಲವಲ್ಲ ಇದನ್ನ. ಸುಮ್ನೆ ಇಟ್ಟಿದ್ದು ಹೇಗೆ ಕೆಡುತ್ತೆ?" ಎಂದು ಇವರು ಮಂಚದಿಂದ ಕೇಳಿದರು. ದನಿಯಲ್ಲಿ ಮೋಸ ಹೋದವರ ನೋವಿತ್ತು.

"ನಿಮ್ಮ ಕಾರ್ಖಾನೇಲಿ ಹತ್ತು ವರ್ಷ ಸುಮ್ನೆ ಇಟ್ಟ ಬೀಗಾನ ಯಾವತ್ತಾದ್ರೂ ಪರೀಕ್ಷೆ ಮಾಡಿದ್ದೀರಾ?"

ಅವರು ಸುಳ್ಳು ಹೇಳುವವರಲ್ಲ. "ಇಲ್ಲ. ಅದಕ್ಕೆ ನಮ್ಮಲ್ಲಿ ಮೆಷಿನ್ನೇ ಇಲ್ಲ," ಎಂದರು.

ನಮ್ಮ ಲಾಂಡ್ರಿಯಲ್ಲಿ ಪ್ರೆಸ್ಸಿನ ಕೀಲುಗಳಿಗೆ ವಾರ ವಾರ ಎಣ್ಣೆ ಬಿಡುತ್ತೇವೆ, ಸದ್ದು ಮಾಡಲಿ ಬಿಡಲಿ. ಅಲ್ಲಿ ಮಾಡುವ ಹಾಗೇ ಇಲ್ಲೂ ಮಾಡಿದೆ. ಹಳೆಯ ಗ್ರೀಸನ್ನು ಸೀಮೆಎಣ್ಣೆಯಲ್ಲಿ ನೆನೆಸಿ ಚಮಚದ ತುದಿಯಿಂದ ಕೆರೆದೆ, ತುಕ್ಕನ್ನು ಉಪ್ಪುಕಾಗದದಿಂದ ಉಜ್ಜಿದೆ, ಹೊಲಿಗೆ ಮೆಷಿನ್ನಿನ ಎಣ್ಣೆ ಬಿಟ್ಟೆ. ಮಗಳು ಹಲಗೆಯನ್ನು ತಳ್ಳುವುದು, ನಾನು ಎಳೆಯುವುದು. ಅವಳು, "ಅಮ್ಮ, ಅಪ್ಪನ್ನೂ ಹೀಗೇ ಬೋರಲು ಹಾಕಿ ಒಂದು ಸಲ ಎಣ್ಣೆ ಬಿಟ್ಟುಬಿಡೋಣ," ಎಂದು ಪಿಸುಗುಟ್ಟಿದಳು. ನಗು ತಡೆಯಲಾಗದೆ ನಾನು ಕುರ್ಚಿಯ ಮೇಲೇ ಬಿದ್ದೆ. ಮಧ್ಯಾಹ್ನದ ಹೊತ್ತಿಗೆ ಅದು ನರಳುತ್ತ ಬಾಯಿ ಬಿಟ್ಟಿತು. ಮೇಲೆ ಒಂದು ಹಳೆಯ ಚಾದರ ಹಾಸಿ ಅವರನ್ನು ಕೂರಿಸಿದೆವು. ಕೂತ ತಕ್ಷಣ ಅವರು ಮಾಡಿದ ಮೊದಲ ಕೆಲಸವೆಂದರೆ ಎಡಗೈಯ ಹೆಬ್ಬೆರಳನ್ನು ಸೀಟಿನ ಅಂಚಿಗೆ ಒತ್ತಿದ್ದು.

"ನೋಡು, ಫೋಮಿಗೆ ಏನೂ ಆಗಿಲ್ಲ. ಹೊಸದರ ಹಾಗೇ ಎದ್ದು ಬರುತ್ತೆ," ಎಂದರು.

"ಸಂತೋಷ," ಎಂದು ಹಿಡಿಕೆ ಎಳೆದೆ.

"ಹದಿನೆಂಟು," ಎಂದರು.

ಹತ್ತು ವರ್ಷ ಆ ಸಂಖ್ಯೆಯನ್ನು ತಲೆಯಲ್ಲಿ ಇಟ್ಟುಕೊಂಡಿದ್ದರು ಪುಣ್ಯಾತ್ಮರು. ಒಂದು ಮಾತು ಮಾತ್ರ ಒಪ್ಪಲೇಬೇಕು, ಅವರದು ಪಕ್ಷಪಾತವಿಲ್ಲದ ಎಣಿಕೆ. ತಮ್ಮ ಸರದಿ ಬಂದಾಗಲೂ ಎಣಿಸಿದರು. ಆದರೆ ಅದರಿಂದಲೇ ನನಗೆ ಕಷ್ಟ ಬಂತು. ಕುರ್ಚಿಯನ್ನು ಮಡಿಸಿ ಮತ್ತೆ ಬಿಡಿಸಿದರೆ ಒಂದು ಸಲ ಖರ್ಚಾಗುತ್ತದಲ್ಲ, ಅದಕ್ಕೆ ಅವರು ಮಡಿಸುವುದನ್ನೇ ಬಿಟ್ಟರು. ಬೆಳಗಿನ ಕಾಫಿ ಅಲ್ಲೇ, ಊಟ ಅಲ್ಲೇ, ಪೇಪರು ಅಲ್ಲೇ. ಬಚ್ಚಲಿಗೆ ಹೋಗಬೇಕಾದರೆ ಪಕ್ಕಕ್ಕೆ ಜಾರಿ ಇಳಿದು ಹೋಗಿ, ಹಾಗೇ ಜಾರಿ ಹತ್ತುತ್ತಿದ್ದರು. ನಾನು ಸಂಜೆ ಕೆಲಸದಿಂದ ಬಂದರೆ ಕುರ್ಚಿ ಬಾಯಿ ತೆರೆದುಕೊಂಡೇ ಇರುತ್ತಿತ್ತು, ಅದರಲ್ಲಿ ಅವರು ಇರುತ್ತಿದ್ದರು.

ಅವರಿಗೆ ನೋವಿತ್ತು, ಅದನ್ನು ಇಲ್ಲ ಎನ್ನುವುದಿಲ್ಲ. ಆದರೆ ನನ್ನ ಕಾಲಿಗೂ ಅದೇ ಹೊತ್ತಿನಲ್ಲಿ ಕೆಟ್ಟ ಕಾಲ ಬಂದಿತ್ತು. ಬೆಳಿಗ್ಗೆ ಅವರಿಗೆ ಸ್ನಾನ ಮಾಡಿಸಿ, ಅಂಗಿ ತೊಡಿಸಿ, ಊಟ ಕೈಗೆ ಸಿಗುವ ಹಾಗಿಟ್ಟು ಲಾಂಡ್ರಿಗೆ ಓಡುವುದು, ಸಂಜೆ ಬಂದು ಮತ್ತೆ ನಿಲ್ಲುವುದು. ಎಡಗಾಲಿನ ಗಂಟಿನ ಮೇಲೆ ಅಂಗೈಯಷ್ಟು ಜಾಗ ಕಪ್ಪಾಗಿ, ಚರ್ಮ ಬಿಗಿದು ಹೊಳೆಯತೊಡಗಿತು. ದೊಡ್ಡ ಸಿಸ್ಟರ್ ನನ್ನನ್ನು ಪ್ರೆಸ್ಸಿನ ಹಿಂದಿನಿಂದ ಹೊರಗೆ ಕರೆದು ನೋಡಿದರು. ಅವರು ಯಾವತ್ತೂ ದನಿ ಏರಿಸುವವರಲ್ಲ, ಅವತ್ತೂ ಏರಿಸಲಿಲ್ಲ.

"ಇಲ್ಲಿ ಬಾಯಿ ಬಿಟ್ಟು ಗಾಯ ಆಯ್ತು ಅಂದ್ರೆ ತಿಂಗಳುಗಟ್ಟಲೆ ಮಾಯಲ್ಲಮ್ಮ. ಆಮೇಲೆ ನಿಂತು ಮಾಡೋ ಕೆಲಸ ನಿನ್ನಿಂದ ಆಗಲ್ಲ, ನಾನೇ ಬೇಡ ಅಂತೀನಿ. ಹೇಳಿದ್ನಲ್ಲ ನಿನಗೆ, ಕಾಲು ಎತ್ತರಕ್ಕೆ ಇಟ್ಕೋ ಅಂತ. ಇಟ್ಕೊಳ್ತಾ ಇದೀಯಾ?"

ಕುರ್ಚಿ ಇದೆ ಎಂದೆ. ಅದು ಸುಳ್ಳಲ್ಲ.

ಬಸ್ಸಿನಲ್ಲಿ ಬರುವಾಗ ಹೆದರಿಕೆಯಾಯಿತು. ಲಾಂಡ್ರಿ ಬಿಟ್ಟು ನಾನು ಏನು ಮಾಡಲಿ? ಆ ಹಬೆ, ಆ ಬಿಸಿ ಬಟ್ಟೆಯ ವಾಸನೆ, ಪಕ್ಕದ ಪ್ರೆಸ್ಸಿನವಳ ಜೊತೆ ಕೂಗಿ ಕೂಗಿ ಆಡುವ ಮಾತು, ಇದೆಲ್ಲ ನನಗೆ ಇಷ್ಟ. ನಿಲ್ಲುವುದಷ್ಟೇ ಕಷ್ಟ. ಮನೆಗೆ ಬಂದು ಇದನ್ನೆಲ್ಲ ಹೇಳಬೇಕು ಎಂದುಕೊಂಡವಳು ಹೇಳಲಿಲ್ಲ. ಭುಜ ಹೊಲಿಸಿಕೊಂಡು ಒರಗಿರುವ ಮನುಷ್ಯನನ್ನು ಏಳಿ ಎನ್ನಲು ಬಾಯಿ ಬರಲಿಲ್ಲ. ಕುರ್ಚಿಯ ಪಕ್ಕಕ್ಕೆ ಮುಕ್ಕಾಲಿ ಎಳೆದುಕೊಂಡು, ಅದರ ಮೇಲೆ ಕಾಲು ಚಾಚಿ, ಬೆಳ್ಳುಳ್ಳಿ ಸುಲಿಯುತ್ತ ಕೂತೆ.

ಅವರು ಪೇಪರು ಓದಿ ಮುಗಿಸಿದ್ದರು. ಎಡಗೈಗೆ ಕೆಲಸವಿರಲಿಲ್ಲ. ಕೆಲಸವಿಲ್ಲದಿದ್ದರೆ ಆ ಕೈ ಏನನ್ನಾದರೂ ಒತ್ತಿ ನೋಡುತ್ತಲೇ ಇರುತ್ತದೆ. ಕುರ್ಚಿಯ ಕೈಯನ್ನು ಒತ್ತಿತು, ದಿಂಬನ್ನು ಒತ್ತಿತು. ಆಮೇಲೆ ಪಕ್ಕಕ್ಕೆ ಜಾರಿ ಬಂದು, ಏನು ಮಾಡುತ್ತಿದ್ದೇನೆ ಎಂದು ಯೋಚಿಸದೆ, ನನ್ನ ಮೊಣಕಾಲಿನ ಕೆಳಗೆ ಹೆಬ್ಬೆರಳನ್ನು ಊರಿ, ಹಿಡಿದು, ಬಿಟ್ಟಿತು.

ಗುಳಿ ಬಿತ್ತು. ಗುಳಿ ಹಾಗೇ ಉಳಿಯಿತು.

ಅವರು ಅದನ್ನೇ ನೋಡುತ್ತಿದ್ದರು. ನಾನು ಒಂದು ಬೆಳ್ಳುಳ್ಳಿ ಪೂರ್ತಿ ಸುಲಿದು ತಟ್ಟೆಗೆ ಹಾಕಿದೆ. ಗುಳಿ ಇನ್ನೂ ಅಲ್ಲೇ ಇತ್ತು. ಸ್ವಲ್ಪ ಕೆಳಗೆ ಇನ್ನೊಂದು ಕಡೆ ಒತ್ತಿದರು. ಅಲ್ಲಿಯೂ ಹಾಗೇ ಆಯಿತು.

"ಇದು ಎದ್ದು ಬರ್ತಾ ಇಲ್ವಲ್ಲೇ," ಎಂದರು.

"ಇಲ್ಲ."

"ಯಾವಾಗಿಂದ ಹೀಗಿದೆ?"

"ನೀವು ಆ ಕುರ್ಚೀಲಿ ನನ್ನನ್ನ ನೋಡಿ 'ಒಂದು' ಅಂದ್ರಲ್ಲ, ಅವತ್ತಿಂದ."

ಹೇಳಬಾರದೆಂದು ಇಟ್ಟುಕೊಂಡಿದ್ದದ್ದೆಲ್ಲ ಆಮೇಲೆ ಒಂದೇ ಉಸಿರಿಗೆ ಬಂತು. ಸಿಸ್ಟರ್ ಹೇಳಿದ್ದನ್ನು ಹೇಳಿದೆ, ಕಪ್ಪಾದ ಜಾಗ ತೋರಿಸಿದೆ. ನಿಮ್ಮ ಫೋಮು ಹೊಸದಾಗಿ ಉಳಿದದ್ದು ಯಾವುದರ ಲೆಕ್ಕದಲ್ಲಿ ಎಂದು ಕೇಳಿದೆ. ಸಿಟ್ಟಿನ ಜೊತೆ ಅಳುವೂ ಬಂತು, ಬೆಳ್ಳುಳ್ಳಿಯ ಕೈಯಿಂದ ಕಣ್ಣು ಒರೆಸಿಕೊಂಡದ್ದಕ್ಕೆ ಇನ್ನಷ್ಟು ಉರಿಯಿತು. ಅವರು ಆ ಎರಡು ಗುಳಿಗಳ ಮೇಲಿಂದ ಕಣ್ಣು ತೆಗೆಯಲಿಲ್ಲ.

ಆಮೇಲೆ ಎದ್ದರು. ಪಕ್ಕಕ್ಕೆ ಜಾರಲಿಲ್ಲ. ಎರಡೂ ಹಿಮ್ಮಡಿಯಿಂದ ಹಲಗೆಯನ್ನು ಒತ್ತಿ ಕುರ್ಚಿಯನ್ನು ಮಡಿಸಿದರು. ಒಂದೇ ಕೈಯವರು, ಎದ್ದು ನಿಲ್ಲುವಾಗ ಹಲ್ಲು ಕಚ್ಚಿದ್ದು ಕಾಣಿಸಿತು.

"ಕೂತ್ಕೋ."

"ನಿಮ್ಮ ಭುಜ?"

"ಸಂಜೆ ಹೊತ್ತು ಮಂಚದ ಮೇಲೆ ಗೋಡೆಗೆ ಒರಗಿ ಕೂತಿರ್ತೀನಿ. ನಿದ್ದೆಗೆ ತಾನೇ ಡಾಕ್ಟ್ರು ಹೇಳಿದ್ದು. ನೀನು ಕೂತ್ಕೋ ಅಂದ್ನಲ್ಲ."

ಕೂತೆ. ಹಿಡಿಕೆ ಇರುವುದು ಬಲಕ್ಕೆ. ಅವರಿಗೆ ಆಡುವುದು ಎಡಗೈ. ಹಾಗಾಗಿ ಕುರ್ಚಿಯ ಹಿಂದಿನಿಂದ ಸುತ್ತಿ ಬಂದು, ಬಗ್ಗಿ, ಎಡಗೈಯಿಂದಲೇ ಎಳೆದರು. ನನ್ನ ಕಾಲು ಮೇಲೆ ಬಂತು. ಅವರ ಎಣಿಕೆ ಇನ್ನೂ ಹದಿನೆಂಟರಲ್ಲೇ ನಿಂತಿತ್ತು. ನಾನು ಹತ್ತೊಂಬತ್ತಕ್ಕಾಗಿ ಕಾದೆ. ಬೆನ್ನನ್ನು ಗಟ್ಟಿಯಾಗಿ ಹಿಡಿದುಕೊಂಡೇ ಕಾದೆ. ಅವರು ನನ್ನ ಕಾಲಡಿ ಇನ್ನೊಂದು ದಿಂಬು ತುರುಕಿ, ಎದೆ ಮಟ್ಟಕ್ಕೆ ಬಂತೋ ಇಲ್ಲವೋ ಎಂದು ದೂರ ನಿಂತು ನೋಡಿ, ಬೆಳ್ಳುಳ್ಳಿಯ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದರು. ಒಂದು ಕೈಯಲ್ಲಿ ಬೆಳ್ಳುಳ್ಳಿ ಸುಲಿಯಲು ಬರುವುದಿಲ್ಲ ಎಂದು ಅವರಿಗೆ ಗೊತ್ತಾಗುವಷ್ಟರಲ್ಲಿ ನನಗೆ ನಿದ್ದೆ ಹತ್ತಿತ್ತು.

ಗಾಯ ಆಗಲಿಲ್ಲ. ಕಪ್ಪು ಹೋಗಲಿಲ್ಲ, ಅದು ಹೋಗುವುದೂ ಇಲ್ಲವಂತೆ, ಆದರೆ ಬಿಗಿತ ಇಳಿಯಿತು. ನಾನು ಈಗಲೂ ಪ್ರೆಸ್ಸಿನ ಮುಂದೆ ನಿಲ್ಲುತ್ತೇನೆ. ಅವರ ಭುಜವೂ ಕೂಡಿಕೊಂಡಿತು, ಕಾರ್ಖಾನೆಗೆ ಹೋಗುತ್ತಾರೆ, ಅಲ್ಲಿ ಎಣಿಸುತ್ತಾರೆ. ಕುರ್ಚಿಯ ಸ್ಥಿತಿ ಮಾತ್ರ ನೋಡುವ ಹಾಗಿಲ್ಲ. ದಿನಾ ಸಂಜೆ ಕಿರುಗುಟ್ಟುತ್ತದೆ, ವಾರಕ್ಕೊಮ್ಮೆ ಎಣ್ಣೆ ಕುಡಿಯುತ್ತದೆ, ನನ್ನ ಸೊಂಟದ ಆಕಾರಕ್ಕೆ ಸೀಟು ಕುಸಿದಿದೆ. ಮೊನ್ನೆ ನಾದಿನಿ ಬಂದವಳು ನೋಡಿ, "ಅತ್ತಿಗೆ, ಪ್ಲಾಸ್ಟಿಕ್ ತೆಗೆದ ಎರಡೇ ವರ್ಷಕ್ಕೆ ಇದರ ಗತಿ ಹೀಗಾಯ್ತಾ? ಅಣ್ಣ ಸುಮ್ನಿದಾನಾ?" ಎಂದಳು.

ಅಣ್ಣ ಬಂದು ಸೀಟಿನ ಅಂಚಿಗೆ ಹೆಬ್ಬೆರಳು ಒತ್ತಿದರು. ಗುಳಿ ಬಿದ್ದು, ಏಳಲಿಲ್ಲ.

"ಸವೆದಿದೆ," ಎಂದರು. ಮಗಳು ಪರೀಕ್ಷೆ ಪಾಸಾದಾಗ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದರಲ್ಲ, ಅದೇ ದನಿ.

ಆಮೇಲೆ ಪಕ್ಕಕ್ಕೆ ತಿರುಗಿ, ತಂಗಿಯ ಎದುರಿಗೇ, ನನ್ನ ಕಾಲಿಗೆ ಒತ್ತಿದರು. ಮೂವರೂ ಬಗ್ಗಿ ನೋಡಿದೆವು. ಮೊದಲು ಗುಳಿ ಹಾಗೇ ಇತ್ತು. ನೋಡುತ್ತಿದ್ದ ಹಾಗೆ ಅದರ ಅಂಚು ಮೆತ್ತಗಾಯಿತು, ನಡುವೆ ಸ್ವಲ್ಪ ತುಂಬಿತು, ನಿಧಾನವಾಗಿ ಚರ್ಮ ಸಮವಾಯಿತು. ಅವರಿಗೆ ನಂಬಿಕೆ ಬರಲಿಲ್ಲವೇನೋ, ಇನ್ನೊಂದು ಕಡೆ ಒತ್ತಿದರು. ಅದೂ ಎದ್ದು ಬಂತು. ಮೂರನೆಯ ಸಲಕ್ಕೆ ಹೆಬ್ಬೆರಳು ಚಾಚಿದರು.

"ಸಾಕು ಬಿಡಿ, ಒತ್ತಿ ಒತ್ತಿ ಇದೂ ಸವೆದೀತು," ಎಂದೆ.

ಅವರು ಥಟ್ಟನೆ ಕೈ ಹಿಂದಕ್ಕೆ ಎಳೆದುಕೊಂಡರು.